‘ಚಪಲ’: ಒಂದು ಪದದ ನಿಷ್ಪತ್ತಿ ಮತ್ತು ಅರ್ಥಪಲ್ಲಟ

ಇಂದ್ರಿಯಗಳ ಮೇಲೆ ಹಿಡಿತವಿಲ್ಲದ ಸ್ಥಿತಿಯನ್ನು ಹೇಳಲು ಕನ್ನಡದಲ್ಲಿ ಎರಡು ಬಗೆಯ ಪದಗಳು ಬಳಕೆಯಲ್ಲಿವೆ. ಮೊದಲನೆಯ ಬಗೆಯ ಪದಗಳು ಹಿಡಿತವನ್ನು ಹೆಸರಿಸಿ, ಅದು ಇಲ್ಲವೆಂದು ಹೇಳುತ್ತವೆ. ಅಸಂಯಮ, ಅಜಿತೇಂದ್ರಿಯ, ಅಂಕೆಯಿಲ್ಲದ, ಲಗಾಮಿಲ್ಲದ, ಕಡಿವಾಣವಿಲ್ಲದ ಮೊದಲಾದವು ಈ ಬಗೆಗೆ ಸೇರುತ್ತವೆ. ‘ಸಂಯಮ’ದಲ್ಲಿ ಬಿಗಿಹಿಡಿಯುವ ಅರ್ಥದ ‘ಯಮ್’ ಧಾತುವಿದೆ. ‘ನಿಗ್ರಹ’ದಲ್ಲಿ ಹಿಡಿಯುವ ಅರ್ಥದ ‘ಗ್ರಹ್’ ಧಾತುವಿದೆ. ಲಗಾಮು, ಕಡಿವಾಣಗಳು ಕುದುರೆಯನ್ನು ಅಂಕೆಯಲ್ಲಿಡುವ ಸಾಧನಗಳು. ಇಲ್ಲೆಲ್ಲ ಮನಸ್ಸು ಒಂದು ಪ್ರಾಣಿ, ಬುದ್ಧಿ ಅದರ ಸವಾರ ಎಂಬ ಹಳೆಯ ಕಲ್ಪನೆ ಅಡಗಿದೆ. ಎರಡನೆಯ ಬಗೆಯಲ್ಲಿ ನಕಾರವಿಲ್ಲ. ಅಲ್ಲಿ ಹಿಡಿತ ತಪ್ಪಿದಾಗ ತೋರುವ ಚಲನೆಯನ್ನೇ ಪದವು ನೇರವಾಗಿ ಹೆಸರಿಸುತ್ತದೆ. ಇಂತಹ ಪದಗಳಲ್ಲಿ ಮುಖ್ಯವಾದುದು ‘ಚಪಲ’.

ಬಾಯಿಚಪಲ, ಮಾತಿನ ಚಪಲ, ಬರೆಯುವ ಚಪಲ, ಅಧಿಕಾರದ ಚಪಲ ಎಂದು ಇಂದು ಎಲ್ಲೆಡೆ ಕೇಳಿಬರುವ ಈ ಪದಕ್ಕೆ ‘ತಡೆಯಲಾಗದ ಸಣ್ಣ ಆಸೆ’ ಎಂಬ ಅರ್ಥ ಗಟ್ಟಿಯಾಗಿ ನಿಂತಿದೆ. ಆದರೆ ಸಂಸ್ಕೃತದಲ್ಲಿ ಈ ಪದಕ್ಕೆ ಆಸೆ ಎಂಬುದು ಮೂಲಾರ್ಥವಲ್ಲ. ಹಳೆಯ ಕಾವ್ಯಶಾಸ್ತ್ರಗಳಲ್ಲಿ ಪದವು ಬಂದೆಡೆಯಲ್ಲೆಲ್ಲ ಇಂದಿನ ಅರ್ಥವನ್ನು ತುಂಬಿ ಓದುವುದರಿಂದ ಅರ್ಥಹಾನಿಯಾಗುತ್ತದೆ. ಪದದ ಮೂಲ, ಅದು ಕನ್ನಡದಲ್ಲಿ ಪಡೆದ ಅರ್ಥಪಲ್ಲಟ, ಆ ಪಲ್ಲಟದೊಂದಿಗೆ ಬದಲಾದ ವಾಕ್ಯರಚನೆ ಹಾಗೂ ಅದರಿಂದ ಉಂಟಾದ ನೈತಿಕ ಧ್ವನಿ – ಇವುಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ನಿಷ್ಪತ್ತಿಯ ಪ್ರಶ್ನೆ

ಭಾರತೀಯ ವ್ಯಾಕರಣ ಪರಂಪರೆಯಲ್ಲಿ ‘ಚಪಲ’ವು ಉಣಾದಿ ಪ್ರತ್ಯಯದಿಂದ ಸಿದ್ಧವಾದ ಪದ. ಉಣಾದಿ ಸೂತ್ರಗಳು ಇದನ್ನು ‘ಚುಪ್’ ಧಾತುವಿನಿಂದ ಸಾಧಿಸುತ್ತವೆ; ಧಾತುವಿನ ಉಕಾರಕ್ಕೆ ಅಕಾರವನ್ನು ವಿಧಿಸುತ್ತವೆ. ಧಾತುಪಾಠದಲ್ಲಿ ‘ಚುಪ್’ ಧಾತುವಿಗೆ ಹೇಳಿರುವ ಅರ್ಥ ಮಂದಗತಿ. ವೇಗವನ್ನೂ ಅಸ್ಥಿರತೆಯನ್ನೂ ಸೂಚಿಸುವ ಪದವೊಂದು ಮಂದಗತಿಯ ಧಾತುವಿನಿಂದ ಹುಟ್ಟಿತೆಂಬುದು ವಿಚಿತ್ರವಾಗಿ ಕಂಡರೂ, ಉಣಾದಿ ವ್ಯುತ್ಪತ್ತಿಗಳಲ್ಲಿ ರೂಪಸಾಧನೆಯೇ ಪ್ರಧಾನ, ಅರ್ಥಸಂಗತಿ ಗೌಣ ಎಂಬುದು ವಿದ್ವಾಂಸರಿಗೆ ತಿಳಿದ ವಿಷಯ. ಮೋನಿಯರ್ ವಿಲಿಯಮ್ಸ್ ಅವರ 1899ರ ನಿಘಂಟು ಪದವನ್ನು ನಡುಗು ಎಂಬ ಅರ್ಥದ ‘ಕಂಪ್’ ಧಾತುವಿಗೆ ಜೋಡಿಸುತ್ತದೆ. ಅರ್ಥದ ದೃಷ್ಟಿಯಿಂದ ಇದು ಹೆಚ್ಚು ಒಪ್ಪುವಂತಿದ್ದರೂ, ಪದಾದಿಯ ಕಕಾರ ಚಕಾರವಾದುದಕ್ಕೆ ಧ್ವನಿನಿಯಮದ ಸಮರ್ಥನೆ ಸುಲಭವಲ್ಲ. ಆದುದರಿಂದ ಇದನ್ನು ಸಂಭಾವ್ಯ ನಿಷ್ಪತ್ತಿ ಎನ್ನಬಹುದೇ ಹೊರತು ಸಿದ್ಧ ನಿಷ್ಪತ್ತಿ ಎನ್ನಲಾಗದು. ಎರಡು ವ್ಯುತ್ಪತ್ತಿಗಳಲ್ಲಿಯೂ ಸಮಾನವಾದ ಅಂಶವೊಂದಿದೆ: ಪದದ ಬೇರಿನಲ್ಲಿ ಇರುವುದು ಚಲನೆ.

‘ಬಾಯಿ ಚಪ್ಪರಿಸು’ ಎಂಬಲ್ಲಿನ ಕನ್ನಡದ ಅನುಕರಣಧ್ವನಿಯಿಂದ ‘ಚಪಲ’ ಹುಟ್ಟಿರಬಹುದೆಂಬ ಊಹೆಗೆ ಆಸ್ಪದವಿಲ್ಲ. ಬಾಯಿಗೂ ರುಚಿಗೂ ಸಂಬಂಧವೇ ಇಲ್ಲದ ಅರ್ಥಗಳಲ್ಲಿ ಪದವು ಸಂಸ್ಕೃತದಲ್ಲಿ ಬಹುಕಾಲದಿಂದ ನೆಲೆಗೊಂಡಿದೆ. ಧ್ವನಿಸಾಮ್ಯವು ಮುಂದಿನ ಅರ್ಥಪಲ್ಲಟಕ್ಕೆ ಒತ್ತಾಸೆಯಾಗಿರಬಹುದು. ಅದನ್ನೇ ಮೂಲವೆಂದು ಭಾವಿಸುವುದು ಜನಪದ ನಿಷ್ಪತ್ತಿಯಾಗುತ್ತದೆ.

ಕೋಶಕಾರರು ‘ಚಪಲ’ ಹಾಗೂ ‘ಚಪಲಾ’ ರೂಪಗಳಿಗೆ ಕೊಡುವ ಅರ್ಥಗಳು ಈ ಚಲನೆಯನ್ನೇ ಸಮರ್ಥಿಸುತ್ತವೆ. ಅಮರಕೋಶದಲ್ಲಿ ಈ ಪದವು ಶೀಘ್ರವಾಚಕಗಳ ಸಾಲಿನಲ್ಲಿಯೂ ಪಾದರಸದ ಪರ್ಯಾಯಗಳಲ್ಲಿಯೂ ಬರುತ್ತದೆ. ಸ್ತ್ರೀಲಿಂಗದಲ್ಲಿ ಮಿಂಚಿನ ಹೆಸರಾಗಿಯೂ ಹಿಪ್ಪಲಿಯ ಹೆಸರಾಗಿಯೂ ಬರುತ್ತದೆ. ಇತರ ಕೋಶಗಳಲ್ಲಿ ಲಕ್ಷ್ಮಿಗೂ ನಾಲಿಗೆಗೂ ‘ಚಪಲಾ’ ಎಂಬ ಹೆಸರಿದೆ. ಛಂದಃಶಾಸ್ತ್ರದಲ್ಲಿ ಆರ್ಯಾವೃತ್ತದ ಒಂದು ಪ್ರಭೇದಕ್ಕೂ ಇದೇ ಹೆಸರು. ಮಿಂಚು, ಪಾದರಸ, ಸಂಪತ್ತು, ನಾಲಿಗೆ – ಇವುಗಳಲ್ಲಿ ಸಾಮಾನ್ಯವಾದ ಗುಣ ಒಂದೆಡೆ ನಿಲ್ಲದಿರುವುದು. ಈ ಪಟ್ಟಿಯಲ್ಲಿ ನಾಲಿಗೆ ಸೇರಿರುವುದನ್ನು ವಿಶೇಷವಾಗಿ ಗಮನಿಸಬೇಕು. ಕನ್ನಡದ ಅರ್ಥಪಲ್ಲಟಕ್ಕೆ ಇದೇ ಬಾಗಿಲು.

2. ವ್ಯಸನ ಮತ್ತು ನೈಪುಣ್ಯದ ನಡುವೆ

ಪದದ ಸ್ವಭಾವವನ್ನು ತಿಳಿಯಲು ಪಾಣಿನೀಯ ಪರಂಪರೆಯ ಒಂದು ಗಣವು ಬಹಳ ನೆರವಾಗುತ್ತದೆ. ಸಪ್ತಮೀ ತತ್ಪುರುಷ ಸಮಾಸವನ್ನು ವಿಧಿಸುವಲ್ಲಿ ಪಾಣಿನಿಯು ‘ಶೌಂಡ’ ಮೊದಲಾದ ಪದಗಳ ಒಂದು ಗಣವನ್ನು ಸೂಚಿಸುತ್ತಾನೆ. ಸಪ್ತಮ್ಯಂತ ಪದವು ಈ ಗಣದ ಪದಗಳೊಡನೆ ಸಮಾಸವಾಗುತ್ತದೆ. ಪಗಡೆಯಲ್ಲಿ ಶೌಂಡನಾದವನು ‘ಅಕ್ಷಶೌಂಡ’. ಈ ಶೌಂಡಾದಿ ಗಣದಲ್ಲಿ ಶೌಂಡ, ಧೂರ್ತ, ಕಿತವ ಎಂಬ ಪದಗಳೂ ಪ್ರವೀಣ, ಪಟು, ಪಂಡಿತ, ಕುಶಲ, ನಿಪುಣ ಎಂಬ ಪದಗಳೂ ಇವೆ. ಕುಶಲ ಮತ್ತು ನಿಪುಣಗಳ ನಡುವೆ ‘ಚಪಲ’ ಇದೆ.

ಒಂದೇ ಗಣದಲ್ಲಿ ಜೂಜುಕೋರನೂ ಪಂಡಿತನೂ ಜೊತೆಯಾಗಿರುವುದು ಆಕಸ್ಮಿಕವಲ್ಲ. ಎರಡೂ ಸಂದರ್ಭಗಳಲ್ಲಿ ವ್ಯಕ್ತಿಯು ಒಂದು ವಿಷಯದಲ್ಲಿ ತೊಡಗಿಕೊಂಡಿರುತ್ತಾನೆ. ಆ ವಿಷಯವನ್ನು ಸೂಚಿಸುವುದು ಸಪ್ತಮಿ. ತೊಡಗುವಿಕೆಯು ಅಂಕೆಯಲ್ಲಿದ್ದರೆ ನೈಪುಣ್ಯ, ಅಂಕೆ ತಪ್ಪಿದರೆ ವ್ಯಸನ. ಗಣಕ್ಕೆ ಹೆಸರು ಕೊಟ್ಟ ‘ಶೌಂಡ’ ಪದದ ಚರಿತ್ರೆಯೇ ಇದಕ್ಕೆ ನಿದರ್ಶನ. ಮದ್ಯ ಎಂಬ ಅರ್ಥದ ‘ಶುಂಡಾ’ ಪದದಿಂದ ಬಂದ ಇದು ಮೊದಲು ಕುಡುಕನನ್ನೂ ಬಳಿಕ ಯಾವುದೇ ವಿಷಯದಲ್ಲಿ ಆಸಕ್ತನಾದವನನ್ನೂ ಸೂಚಿಸಿತು. ಧಾರಾಳವಾಗಿ ಕೊಡುವವನಿಗೆ ಅಮರಕೋಶದಲ್ಲಿ ‘ದಾನಶೌಂಡ’ ಎಂಬ ಹೆಸರಿದೆ. ಕುಡುಕನ ಹೆಸರು ದಾನಿಯ ಬಿರುದಾಯಿತು. ‘ಚಪಲ’ ಪದಕ್ಕೂ ಇಂತಹ ಎರಡು ದಾರಿಗಳು ತೆರೆದಿದ್ದವು. ಯಾವ ಭಾಷೆ ಯಾವ ದಾರಿ ಹಿಡಿಯಿತೆಂಬುದನ್ನು ಮುಂದೆ ನೋಡಬಹುದು.

3. ವಿಮರ್ಶೆಯಿಲ್ಲದ ಪ್ರವೃತ್ತಿ

ಚಲನೆಯ ಅರ್ಥವು ಮನಸ್ಸಿಗೂ ನಡತೆಗೂ ಅನ್ವಯವಾದಾಗ ಸಂಸ್ಕೃತದಲ್ಲಿ ‘ಚಪಲ’ವು ಹಿಂದುಮುಂದು ನೋಡದೆ ಪ್ರವೃತ್ತನಾಗುವವನನ್ನು ಸೂಚಿಸಿತು. ಭರತನ ನಾಟ್ಯಶಾಸ್ತ್ರವು ಹೇಳುವ ಮೂವತ್ತಮೂರು ವ್ಯಭಿಚಾರಿ ಭಾವಗಳಲ್ಲಿ ‘ಚಪಲತಾ’ ಒಂದು. ರಾಗ, ದ್ವೇಷ, ಮಾತ್ಸರ್ಯ, ಅಮರ್ಷ ಮೊದಲಾದವು ಇದಕ್ಕೆ ಕಾರಣಗಳು. ಬಿರುನುಡಿ, ಗದರಿಕೆ, ಹೊಡೆತ ಮೊದಲಾದವು ಇದರ ಅನುಭಾವಗಳು. ಆಲೋಚಿಸದೆ ಕಾರ್ಯಕ್ಕೆ ಕೈಹಾಕುವವನನ್ನೇ ಅಲ್ಲಿ ಚಪಲನೆಂದು ನಿರೂಪಿಸಲಾಗಿದೆ. ಇಲ್ಲಿ ದ್ವೇಷದಿಂದಲೂ ಚಪಲತೆ ಹುಟ್ಟುತ್ತದೆ ಎಂಬುದು ಗಮನಾರ್ಹ. ಇಂದಿನ ಕನ್ನಡದಲ್ಲಿ ದ್ವೇಷದಿಂದ ಹೊಡೆದವನನ್ನು ‘ಚಪಲಕ್ಕೆ ಹೊಡೆದ’ ಎಂದರೆ ಅರ್ಥವೇ ಬೇರೆಯಾಗುತ್ತದೆ.

ಕಾಳಿದಾಸನ ರಘುವಂಶದ ಆರಂಭದಲ್ಲಿ ಕವಿಯು ತನ್ನ ಕಾವ್ಯೋದ್ಯಮವನ್ನೇ ‘ಚಾಪಲ’ವೆಂದು ಕರೆದುಕೊಳ್ಳುತ್ತಾನೆ. ರಘುವಂಶದ ಅರಸರ ಗುಣಗಳು ಕಿವಿಗೆ ಬಿದ್ದು ತನ್ನನ್ನು ಅದಕ್ಕೆ ಪ್ರೇರಿಸಿದವೆಂಬುದು ಅವನ ಮಾತಿನ ತಾತ್ಪರ್ಯ. ವ್ಯಾಖ್ಯಾನಕಾರ ಮಲ್ಲಿನಾಥನು ಇಲ್ಲಿನ ಚಾಪಲಕ್ಕೆ ವಿಮರ್ಶಿಸದೆ ಮಾಡುವುದು ಎಂಬ ಅರ್ಥವನ್ನೇ ಹೇಳುತ್ತಾನೆ. ತನ್ನ ಶಕ್ತಿಯನ್ನು ಅಳೆಯದೆ ದೊಡ್ಡ ಕಾರ್ಯಕ್ಕೆ ಇಳಿದೆನೆಂಬ ವಿನಯ ಇದರಲ್ಲಿದೆ. ಇಂದಿನ ಓದುಗನು ಇದನ್ನು ‘ಬರೆಯುವ ಚಪಲ’ ಎಂದು ಅನುವಾದಿಸಿಕೊಂಡರೆ ಕವಿಯ ವಿನಯವು ತೆವಲಿನ ಒಪ್ಪಿಗೆಯಾಗಿ ಕಾಣುತ್ತದೆ. ಶಬ್ದ ಒಂದೇ ಆದರೂ ಕಾಳಿದಾಸ ಹೇಳಿದುದು ಸಾಹಸವನ್ನು. ನಮಗೆ ಕೇಳಿಸುವುದು ಆಸೆ.

ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಭಗವದ್ಗೀತೆಯ ಹದಿನಾರನೆಯ ಅಧ್ಯಾಯದಲ್ಲಿ ದೊರೆಯುತ್ತದೆ. ಅಲ್ಲಿ ದೈವೀ ಸಂಪತ್ತಿನ ಗುಣಗಳನ್ನು ಎಣಿಸುವಾಗ ‘ಅಲೋಲುಪ್ತ್ವ’ ಮತ್ತು ‘ಅಚಾಪಲ’ ಎಂಬ ಎರಡು ಗುಣಗಳು ಒಂದೇ ಶ್ಲೋಕದಲ್ಲಿ ಬೇರೆಬೇರೆಯಾಗಿ ಬಂದಿವೆ. ಇಂದಿನ ಕನ್ನಡದ ಅರ್ಥವನ್ನು ಅನುಸರಿಸಿ ಅಚಾಪಲವನ್ನು ‘ಚಪಲವಿಲ್ಲದಿರುವುದು’ ಎಂದು ಓದಿದರೆ ಅದು ಅಲೋಲುಪ್ತ್ವದ ಪುನರುಕ್ತಿಯಾಗುತ್ತದೆ. ಶಂಕರಾಚಾರ್ಯರ ಭಾಷ್ಯವು ಎರಡನ್ನೂ ಬೇರ್ಪಡಿಸುತ್ತದೆ. ವಿಷಯಗಳು ಸನಿಹದಲ್ಲಿದ್ದಾಗಲೂ ಇಂದ್ರಿಯಗಳು ವಿಕಾರ ಹೊಂದದಿರುವುದು ಅಲೋಲುಪ್ತ್ವ. ಪ್ರಯೋಜನವಿಲ್ಲದೆ ಮಾತು, ಕೈ, ಕಾಲುಗಳನ್ನು ಆಡಿಸದಿರುವುದು ಅಚಾಪಲ. ಮೊದಲನೆಯದು ಆಸೆಗೆ ಸಂಬಂಧಿಸಿದ ಸಂಯಮ, ಎರಡನೆಯದು ಚಲನೆಗೆ ಸಂಬಂಧಿಸಿದ ಸಂಯಮ.

4. ನಾಲಿಗೆಯ ದಾರಿ

ಚಲನೆಯ ಪದ ಆಸೆಯ ಪದವಾದುದು ಹೇಗೆ? ಇದಕ್ಕೆ ಉತ್ತರವನ್ನು ಅಂಗವಾಚಕಗಳೊಡನೆ ‘ಚಪಲ’ ಸೇರಿದ ಸಮಾಸಗಳಲ್ಲಿ ಹುಡುಕಬೇಕಾಗುತ್ತದೆ. ಮನುಸ್ಮೃತಿಯ ನಾಲ್ಕನೆಯ ಅಧ್ಯಾಯದಲ್ಲಿ ಸ್ನಾತಕನ ನಡತೆಯನ್ನು ವಿಧಿಸುವಾಗ ಕೈಕಾಲು, ಕಣ್ಣು, ಮಾತು – ಇವುಗಳೊಡನೆ ‘ಚಪಲ’ವನ್ನು ಸೇರಿಸಿದ ಸಮಾಸಗಳು ಬಂದಿವೆ. ಕೈಕಾಲುಗಳ ಚಪಲತೆ ಎಂದರೆ ಸುಮ್ಮನೆ ಆಡಿಸುವುದು. ಕಣ್ಣಿನ ಚಪಲತೆ ಎಂದರೆ ಅತ್ತಿತ್ತ ನೋಡುವುದು. ಆದರೆ ಕಣ್ಣು ಅತ್ತಿತ್ತ ಹರಿಯುವುದು ಏನನ್ನೋ ಕಾಣಬೇಕೆಂಬ ಆಸೆಯಿಂದ. ಹೀಗೆ ಕೈಕಾಲುಗಳಲ್ಲಿ ಕೇವಲ ಚಲನೆಯಾಗಿರುವುದು ಕಣ್ಣಿಗೆ ಬಂದಾಗ ಚಲನೆ ಮತ್ತು ಆಸೆ ಎರಡೂ ಆಗುತ್ತದೆ.

ನಾಲಿಗೆಯಲ್ಲಿ ಈ ಬೆಸುಗೆ ಪೂರ್ಣಗೊಳ್ಳುತ್ತದೆ. ನಾಲಿಗೆ ಮಾತಿಗೂ ರುಚಿಗೂ ಒಂದೇ ಅಂಗ. ‘ಜಿಹ್ವಾಚಾಪಲ್ಯ’ ಎಂದರೆ ನಿಲ್ಲದೆ ಮಾತನಾಡುವುದೂ ಆಗಬಹುದು, ರುಚಿಗೆ ಹಾತೊರೆಯುವುದೂ ಆಗಬಹುದು. ಕನ್ನಡದ ‘ಬಾಯಿಚಪಲ’, ‘ನಾಲಿಗೆ ಚಪಲ’ ಎಂಬ ರೂಪಗಳಲ್ಲಿ ಈ ಎರಡು ಅರ್ಥಗಳು ಇಂದಿಗೂ ಉಳಿದಿವೆ. ಸಂದರ್ಭ ನೋಡಿಯೇ ಅರ್ಥ ನಿರ್ಣಯಿಸಬೇಕು. ಅಂಗದ ಚಲನೆ, ಆ ಚಲನೆಗೆ ಕಾರಣವಾದ ಆಸೆ – ಇವೆರಡರ ನಡುವಣ ಸಾಹಚರ್ಯದಿಂದ ಮೊದಲನೆಯದರ ಹೆಸರು ಎರಡನೆಯದಕ್ಕೆ ಸಂದಿತೆಂದು ಊಹಿಸಬಹುದು. ಒಮ್ಮೆ ನಾಲಿಗೆಯಲ್ಲಿ ‘ಚಪಲ’ ಎಂದರೆ ಆಸೆ ಎಂಬ ಅರ್ಥ ನಿಂತ ಬಳಿಕ ಅಂಗದ ಹೆಸರಿನ ಅಗತ್ಯವೇ ಇಲ್ಲವಾಯಿತು. ‘ತಿನ್ನುವ ಚಪಲ’, ‘ನೋಡುವ ಚಪಲ’, ‘ಹೇಳಿಕೊಳ್ಳುವ ಚಪಲ’, ‘ಅಧಿಕಾರದ ಚಪಲ’ ಎಂದು ಪದವು ಯಾವ ಅಂಗಕ್ಕೂ ಅಂಟದೆ ಹರಡಿತು.

‘ಚಂಚಲ’ ಪದದೊಡನೆ ಹೋಲಿಸಿದಾಗ ಈ ಊಹೆಗೆ ಬಲ ಬರುತ್ತದೆ. ಅಮರಕೋಶದಲ್ಲಿ ‘ಚಂಚಲಾ’, ‘ಚಪಲಾ’ ಎರಡೂ ಮಿಂಚಿನ ಪರ್ಯಾಯಗಳು. ಚಂಚಲಚಿತ್ತ, ಚಪಲಚಿತ್ತ ಎಂಬ ಸಮಾಸಗಳು ಕನ್ನಡದಲ್ಲಿ ಹೆಚ್ಚು ಕಡಿಮೆ ಒಂದೇ ಅರ್ಥವನ್ನು ಕೊಡುತ್ತವೆ. ಹೀಗಿದ್ದರೂ ‘ತಿನ್ನುವ ಚಂಚಲ’ ಎಂಬ ಪ್ರಯೋಗ ಕನ್ನಡದಲ್ಲಿ ಹುಟ್ಟಲಿಲ್ಲ. ಚಂಚಲವು ಮನಸ್ಸಿಗೆ ಅಂಟಿಕೊಂಡು ಅಲ್ಲಿಯೇ ಉಳಿಯಿತು. ಚಪಲವು ನಾಲಿಗೆಗೆ ಅಂಟಿಕೊಂಡು ಅಲ್ಲಿಂದ ಹೊರಟಿತು.

5. ವಾಕ್ಯರಚನೆಯ ಸಾಕ್ಷ್ಯ

ಅರ್ಥದೊಂದಿಗೆ ಪದದ ವ್ಯಾಕರಣವರ್ಗವೂ ಬದಲಾಗಿದೆ. ಸಂಸ್ಕೃತದಲ್ಲಿ ‘ಚಪಲ’ ಪ್ರಧಾನವಾಗಿ ಗುಣವಾಚಕ. ಅದರ ಭಾವನಾಮಗಳು ಚಾಪಲ, ಚಾಪಲ್ಯ, ಚಪಲತಾ. ಹಳಗನ್ನಡದ ಕ್ಷಳದ ನಿಯಮಕ್ಕೆ ಒಳಗಾಗಿ ‘ಚಪಳ’ ಎಂಬ ರೂಪವೂ ಸಿದ್ಧಿಸುತ್ತದೆ. ಇಂದಿನ ಕನ್ನಡದಲ್ಲಿ ಗುಣವಾಚಕ ಪ್ರಯೋಗವು ಚಪಲಚಿತ್ತ, ಚಪಲಬುದ್ಧಿಗಳಂತಹ ಸಿದ್ಧಸಮಾಸಗಳಲ್ಲಿ ಮಾತ್ರ ಉಳಿದಿದೆ. ಅಲ್ಲಿ ಹಳೆಯ ಅರ್ಥವೂ ಉಳಿದಿದೆ. ಸ್ವತಂತ್ರವಾಗಿ ನಿಂತ ‘ಚಪಲ’ ನಾಮಪದವಾಗಿದೆ. ಅಲ್ಲಿ ಹೊಸ ಅರ್ಥ ಬಂದಿದೆ. ಗುಣವಾಚಕವೇ ನಾಮಪದವಾಯಿತೋ, ‘ಚಾಪಲ’ವು ಹ್ರಸ್ವಗೊಂಡು ‘ಚಪಲ’ದಲ್ಲಿ ಬೆರೆಯಿತೋ ಎಂಬ ಎರಡು ಸಾಧ್ಯತೆಗಳಿವೆ. ಎರಡರಲ್ಲಿ ಯಾವುದನ್ನು ಒಪ್ಪಿದರೂ ಫಲ ಒಂದೇ. ‘ಚಪಲಗಾರ’ ಎಂದು ‘ಗಾರ’ ಪ್ರತ್ಯಯವನ್ನು ಹಚ್ಚಬೇಕಾಗಿ ಬಂದುದೇ ಪದವು ನಾಮಪದವಾಗಿದೆ ಎಂಬುದಕ್ಕೆ ಗುರುತು. ಸಂಸ್ಕೃತದಲ್ಲಿ ವ್ಯಕ್ತಿಯೇ ಚಪಲ. ಕನ್ನಡದಲ್ಲಿ ವ್ಯಕ್ತಿಯ ಬಳಿ ಚಪಲವಿರುತ್ತದೆ.

‘ಬಾಯಿಚಪಲ’ವನ್ನು ಶಾಸ್ತ್ರದೃಷ್ಟಿಯಿಂದ ನೋಡಿದರೆ ಕನ್ನಡ ಮತ್ತು ಸಂಸ್ಕೃತ ಪದಗಳು ಸೇರಿದ ಅರಿಸಮಾಸ. ಆದರೆ ಆಡುವವರ ಕಿವಿಗೆ ಅದು ಅರಿಯಾಗಿ ಕೇಳುವುದಿಲ್ಲ. ಹುಟ್ಟು, ಹತ್ತು, ತೀರು, ತೀರಿಸಿಕೊಳ್ಳು, ಬಿಡು ಎಂಬ ಅಚ್ಚಗನ್ನಡ ಕ್ರಿಯಾಪದಗಳೊಡನೆ ಈ ಪದವು ಸಲೀಸಾಗಿ ಹೊಂದಿಕೊಂಡಿದೆ. ತೆವಲು, ತೀಟೆ ಎಂಬ ದೇಶ್ಯ ಪದಗಳೊಡನೆ ಬರುವ ಕ್ರಿಯಾಪದಗಳೂ ಇವೇ.

ಇವೆಲ್ಲಕ್ಕಿಂತ ಮುಖ್ಯವಾದುದು ವಿಭಕ್ತಿ. ‘ಅವನು ಚಪಲಚಿತ್ತ’ ಎಂಬಲ್ಲಿ ವ್ಯಕ್ತಿ ಪ್ರಥಮಾ ವಿಭಕ್ತಿಯಲ್ಲಿದ್ದಾನೆ. ‘ಅವನಿಗೆ ಮಾತಾಡುವ ಚಪಲ’ ಎಂಬಲ್ಲಿ ಚತುರ್ಥಿಯಲ್ಲಿದ್ದಾನೆ. ಕನ್ನಡದಲ್ಲಿ ಹಸಿವು, ಬಾಯಾರಿಕೆ, ಜ್ವರ, ನಿದ್ದೆ, ನಾಚಿಕೆ, ಕೋಪ, ಆಸೆ – ಇವೆಲ್ಲ ವ್ಯಕ್ತಿ‘ಗೆ’ ಆಗುತ್ತವೆ. ಇವುಗಳಲ್ಲಿ ವ್ಯಕ್ತಿಯು ಕರ್ತೃವಲ್ಲ, ಅನುಭವಿ. ಚತುರ್ಥಿಯೊಡನೆ ನಿಂತ ಕೂಡಲೇ ಚಪಲವೂ ಈ ಗುಂಪಿಗೆ ಸೇರಿತು. ವ್ಯಕ್ತಿಯ ಶೀಲವಾಗಿದ್ದುದು ವ್ಯಕ್ತಿಗೆ ಬರುವ ಬಾಧೆಯಾಯಿತು. ಹಸಿವಿನಂತೆ ಅದು ಬರುತ್ತದೆ, ಹಸಿವಿನಂತೆ ಅದನ್ನು ತೀರಿಸಿಕೊಳ್ಳಬೇಕಾಗುತ್ತದೆ ಎಂಬ ಧ್ವನಿ ವಾಕ್ಯರಚನೆಯಲ್ಲಿಯೇ ಸೇರಿಕೊಂಡಿತು.

6. ನೆರೆಹೊರೆಯ ಭಾಷೆಗಳು

ಶೌಂಡಾದಿ ಗಣದಲ್ಲಿ ಕಂಡ ಎರಡು ದಾರಿಗಳು ಭಾರತೀಯ ಭಾಷೆಗಳಲ್ಲಿ ಬೇರೆಬೇರೆಯಾಗಿ ಮುಂದುವರಿದಿವೆ. ಮರಾಠಿಯಲ್ಲಿ ‘ಚಪಳ’ ಎಂದರೆ ಚುರುಕಾದ, ಚೂಟಿಯಾದ ಎಂದರ್ಥ. ಆಟಗಾರನನ್ನು ಚಪಳನೆಂದರೆ ಅಲ್ಲಿ ಹೊಗಳಿಕೆ. ಹಿಂದಿಯಲ್ಲಿ ಚುರುಕುತನ, ತುಂಟತನ, ಅಸ್ಥಿರತೆಗಳ ಅರ್ಥಗಳು ಉಳಿದಿವೆ. ದಕ್ಷಿಣದಲ್ಲಿ ಪರಿಸ್ಥಿತಿ ಬೇರೆ. ತಮಿಳಿನ ‘ಸಬಲಂ’ ಮನಸ್ಸಿನ ದೌರ್ಬಲ್ಯವನ್ನೂ ಆಸೆಗೆ ಸೋಲುವುದನ್ನೂ ಸೂಚಿಸುತ್ತದೆ. ತೆಲುಗಿನಲ್ಲಿ ‘ಜಿಹ್ವಚಾಪಲ್ಯಂ’ ಎಂದರೆ ರುಚಿಯ ಹಂಬಲ. ಮಲಯಾಳದ ‘ಚಾಪಲ್ಯಂ’ ಅಸ್ಥಿರತೆ, ದೌರ್ಬಲ್ಯಗಳತ್ತ ವಾಲುತ್ತದೆ.

ಹೀಗೆ ಮರಾಠಿಯು ಕುಶಲ, ನಿಪುಣಗಳ ಕಡೆಗೆ ನಡೆದರೆ ಕನ್ನಡ ಮತ್ತು ಅದರ ಸೋದರ ಭಾಷೆಗಳು ಶೌಂಡ, ಕಿತವಗಳ ಕಡೆಗೆ ನಡೆದಿವೆ. ಮರಾಠಿ ಮತ್ತು ಕನ್ನಡಗಳು ಶತಮಾನಗಳಿಂದ ಒಂದೇ ಗಡಿಯಲ್ಲಿ ಬೆರೆತು ಬಾಳಿದರೂ ಈ ಪದದ ಮಟ್ಟಿಗೆ ಅರ್ಥಗಳು ಎದುರುಬದುರಾಗಿ ನಿಂತಿವೆ. ದ್ವಿಭಾಷಿಕ ಪ್ರದೇಶಗಳ ಅನುವಾದಕರು ಇದನ್ನು ಗಮನದಲ್ಲಿಡಬೇಕು. ಒಂದು ಭಾಷೆಯ ಹೊಗಳಿಕೆ ಇನ್ನೊಂದರಲ್ಲಿ ನಿಂದೆಯಾಗಬಹುದು.

7. ಸಮೀಪಾರ್ಥಕ ಪದಗಳು

ಕನ್ನಡದೊಳಗೆ ಈ ಪದದ ಸ್ಥಾನವನ್ನು ಖಚಿತಪಡಿಸಿಕೊಳ್ಳಲು ಅದರ ಸಮೀಪಾರ್ಥಕಗಳೊಡನೆ ಇಟ್ಟು ನೋಡಬೇಕು. ‘ಚಟ’ಕ್ಕೆ ಪುನರಾವೃತ್ತಿ ಬೇಕು, ಒಂದು ದಿನ ಕುಡಿದವನಿಗೆ ಚಟವಿದೆ ಎನ್ನುವಂತಿಲ್ಲ, ಆದರೆ ಆ ಒಂದು ದಿನವೂ ಅವನಿಗೆ ಚಪಲವಿದ್ದಿರಬಹುದು. ‘ಗೀಳಿ’ಗೆ ಒಂದೇ ವಿಷಯಕ್ಕೆ ಅಂಟಿಕೊಳ್ಳುವ ಹಟ ಬೇಕು, ಚಪಲಕ್ಕೆ ಅಂತಹ ನಿಷ್ಠೆಯಿಲ್ಲ, ಅದು ವಿಷಯದಿಂದ ವಿಷಯಕ್ಕೆ ಹಾರಬಲ್ಲುದು. ಮೂಲದ ಅಸ್ಥಿರತೆಯ ಅರ್ಥ ಇಲ್ಲಿ ಸೂಕ್ಷ್ಮವಾಗಿ ಉಳಿದುಕೊಂಡಿದೆ. ‘ತೀಟೆ’, ‘ತೆವಲು’ಗಳಲ್ಲಿ ತಿರಸ್ಕಾರ ಹೆಚ್ಚು. ‘ಹಂಬಲ’ದಲ್ಲಿ ಗೌರವವಿದೆ, ದೇವರ ಹಂಬಲ ಎನ್ನಬಹುದು, ದೇವರ ಚಪಲ ಎನ್ನಲಾಗದು. ‘ವ್ಯಸನ’ವು ಇಂದು ವೈದ್ಯಕೀಯ ಪರಿಭಾಷೆಯಾಗಿ ಮದ್ಯವ್ಯಸನ, ವ್ಯಸನಮುಕ್ತಿ ಎಂಬ ರೂಪಗಳಲ್ಲಿ ನೆಲೆಗೊಂಡಿದೆ.

ಈ ಎಲ್ಲ ಪದಗಳ ನಡುವೆ ‘ಚಪಲ’ಕ್ಕೆ ವಿಶಿಷ್ಟವಾದುದು ಅದರ ಸಣ್ಣತನ. ಅದರಲ್ಲಿ ಆಕ್ಷೇಪವಿದೆ, ಆದರೆ ಅರ್ಧ ನಗುವೂ ಇದೆ. ಸಕ್ಕರೆ ಕಾಯಿಲೆಯವರು ಸಿಹಿಗೆ ಕೈಚಾಚಿದಾಗ ಮನೆಯವರು ‘ಬಾಯಿಚಪಲ’ ಎಂದು ಗದರಿಸುವುದರಲ್ಲಿ ಈ ಎರಡೂ ಇವೆ. ಹೆಣ್ಣುಗಳ ಹಿಂದೆ ಸುತ್ತುವವನಿಗೆ ‘ಚಪಲ ಚೆನ್ನಿಗರಾಯ’ ಎಂಬ ಹೆಸರು ಬಂದುದರಲ್ಲಿಯೂ ಲೇವಡಿಯೊಡನೆ ಸಲಿಗೆ ಬೆರೆತಿದೆ. ಸಂಸ್ಕೃತ ಕೋಶಗಳಲ್ಲಿ ‘ಚಪಲಾ’ ಎಂಬುದು ಶೀಲಗೆಟ್ಟ ಹೆಣ್ಣಿಗೆ ಬಳಸುವ ಕಟುನಿಂದೆಯೂ ಹೌದು. ಕನ್ನಡದ ಆಡುಮಾತಿನಲ್ಲಿ ಪದವು ಗಂಡಸಿಗೆ ತಗುಲಿದಾಗ ಆ ಕಟುತ್ವ ಇಳಿದು ತಮಾಷೆಯಾಗಿದೆ. ಇದು ಕೇವಲ ಪದದ ಚರಿತ್ರೆಯಲ್ಲ, ಪದವನ್ನು ಬಳಸುವ ಸಮಾಜದ ಚರಿತ್ರೆಯೂ ಹೌದು.

8. ಗ್ರೀಕ್ ಚಿಂತನೆಯ ಒಂದು ಹೋಲಿಕೆ

ಆತ್ಮಸಂಯಮದ ಅಭಾವವನ್ನು ತಾತ್ವಿಕ ಸಮಸ್ಯೆಯಾಗಿ ವಿವರವಾಗಿ ಚರ್ಚಿಸಿದ ಕೃತಿಗಳಲ್ಲಿ ಅರಿಸ್ಟಾಟಲನ ನಿಕೊಮೇಕಿಯನ್ ಎಥಿಕ್ಸ್ ಪ್ರಮುಖವಾದುದು. ಅದರ ಏಳನೆಯ ಭಾಗದಲ್ಲಿ ಬರುವ ‘ಅಕ್ರಸಿಯ’ ಎಂಬ ಪರಿಭಾಷೆಯು ಬಲ, ಅಧಿಕಾರ ಎಂಬ ಅರ್ಥದ ‘ಕ್ರಾತೋಸ್’ ಪದಕ್ಕೆ ನಕಾರ ಸೇರಿ ಆದುದು. ಕನ್ನಡದ ‘ಅಂಕೆಯಿಲ್ಲದ’ ಎಂಬುದರ ಜಾತಿಗೆ ಇದು ಸೇರುತ್ತದೆ. ಅಕ್ರಸಿಯಕ್ಕೆ ಒಳಗಾದವನಿಗೆ ತಾನು ಮಾಡುತ್ತಿರುವುದು ತಪ್ಪೆಂಬ ಅರಿವಿದೆ, ಬಳಿಕ ಪಶ್ಚಾತ್ತಾಪವೂ ಇದೆ. ಭೋಗವನ್ನೇ ಆರಿಸಿಕೊಂಡ ವಿಷಯಲಂಪಟನಿಂದ ಅವನು ಬೇರೆ.

ಅರಿಸ್ಟಾಟಲನು ಇದರಲ್ಲಿ ಎರಡು ಪ್ರಭೇದಗಳನ್ನು ಹೇಳುತ್ತಾನೆ. ಮೊದಲನೆಯದು ‘ಪ್ರೊಪೆಟೀಯ’: ಆಲೋಚಿಸದೆ ಮುಂದಕ್ಕೆ ಬೀಳುವುದು. ಎರಡನೆಯದು ‘ಅಸ್ಥೆನೀಯ’: ಆಲೋಚಿಸಿ ನಿರ್ಧರಿಸಿದ ಮೇಲೂ ಆ ನಿರ್ಧಾರದಲ್ಲಿ ನಿಲ್ಲಲು ಬಲವಿಲ್ಲದಿರುವುದು. ಪ್ರೊಪೆಟೀಯದಲ್ಲಿ ಬೀಳು ಎಂಬ ಅರ್ಥದ ಧಾತುವಿದೆ. ಅದು ಸಂಸ್ಕೃತದ ‘ಪತ್’ ಧಾತುವಿನ ಸಜಾತಿ.

ಈ ವಿಭಾಗವನ್ನು ಕನ್ನಡಕ್ಕೆ ಅನ್ವಯಿಸಿದರೆ ‘ಚಪಲ’ದ ಅರ್ಥಪಲ್ಲಟಕ್ಕೆ ಸ್ಪಷ್ಟವಾದ ರೂಪ ದೊರೆಯುತ್ತದೆ. ನಾಟ್ಯಶಾಸ್ತ್ರದ ಚಪಲತೆ, ರಘುವಂಶದ ಚಾಪಲಗಳು ಮೊದಲನೆಯ ಪ್ರಭೇದದ ಹತ್ತಿರ ನಿಲ್ಲುತ್ತವೆ. ಸಿಹಿ ತಿನ್ನಬಾರದೆಂದು ತಿಳಿದೂ ತಿನ್ನುವವನ ಬಾಯಿಚಪಲ ಎರಡನೆಯದರ ಹತ್ತಿರ ನಿಲ್ಲುತ್ತದೆ. ಸಂಸ್ಕೃತದಲ್ಲಿ ಆಲೋಚನೆಯ ಅಭಾವವಾಗಿದ್ದುದು ಕನ್ನಡದಲ್ಲಿ ಆಲೋಚನೆಯ ಸೋಲಾಗಿದೆ. ಆದುದರಿಂದ ಅಕ್ರಸಿಯವನ್ನು ಕನ್ನಡಕ್ಕೆ ತರುವವರು ಸಾಮಾನ್ಯ ಪರಿಭಾಷೆಯಾಗಿ ‘ಅಸಂಯಮ’ವನ್ನೂ, ಮೊದಲನೆಯ ಪ್ರಭೇದಕ್ಕೆ ‘ದುಡುಕು’ ಎಂಬ ಪದವನ್ನೂ ಬಳಸಬಹುದು. ಎರಡನೆಯದಕ್ಕೆ ಇಂದಿನ ಅರ್ಥದ ‘ಚಪಲ’ ಸಮೀಪವಾದರೂ ಅದರ ಸಣ್ಣತನದ ಛಾಯೆ ತಾತ್ವಿಕ ಚರ್ಚೆಯ ಭಾರವನ್ನು ಹೊರಲಾರದು. ಅಲ್ಲಿ ‘ಸಂಕಲ್ಪದೌರ್ಬಲ್ಯ’ ಎಂಬುದು ಹೆಚ್ಚು ಯುಕ್ತ.

9. ಪಾಠ ಮತ್ತು ಬಳಕೆ

ಮೇಲಿನ ವಿವೇಚನೆಯಿಂದ ಎರಡು ಪ್ರಾಯೋಗಿಕ ಅಂಶಗಳು ಹೊರಡುತ್ತವೆ. ಮೊದಲನೆಯದು ತರಗತಿಗೆ ಸಂಬಂಧಿಸಿದುದು. ಕಾವ್ಯಗಳ ಸ್ತ್ರೀವರ್ಣನೆಯಲ್ಲಿ ಬರುವ ‘ಚಪಲಾಕ್ಷಿ’, ‘ಚಪಲನೇತ್ರೆ’ ಎಂಬ ಪದಗಳಿಗೆ ವಿದ್ಯಾರ್ಥಿಯು ಕಾಮುಕ ನೋಟದವಳು ಎಂಬ ಅರ್ಥ ಹೇಳಿದರೆ ಅದು ಅವನ ಅಜ್ಞಾನವಲ್ಲ. ಅವನ ಕಾಲದ ಭಾಷೆ ಅವನಿಗೆ ಕೊಟ್ಟ ಅರ್ಥ. ಮೀನಿನಂತೆ, ಮಿಂಚಿನಂತೆ ಚಲಿಸುವ ಕಣ್ಣು ಎಂಬ ಚೆಲುವಿನ ಅರ್ಥವನ್ನು ಅಧ್ಯಾಪಕರು ಪದದ ಚರಿತ್ರೆಯೊಡನೆ ತಿಳಿಸಬೇಕಾಗುತ್ತದೆ. ಶಬ್ದಾರ್ಥಗಳ ಪಟ್ಟಿಯಲ್ಲಿ ‘ಚಪಲ = 1. ಅಸ್ಥಿರ 2. ವೇಗ 3. ಆಸೆ’ ಎಂದು ಸಾಲಾಗಿ ಕೊಟ್ಟರೆ ಸಾಲದು. ಗುಣವಾಚಕವಾಗಿದ್ದಾಗ ಯಾವ ಅರ್ಥ, ನಾಮಪದವಾಗಿದ್ದಾಗ ಯಾವ ಅರ್ಥ, ಯಾವ ವಿಭಕ್ತಿಯೊಡನೆ ಯಾವ ಅರ್ಥ ಎಂಬುದನ್ನು ಬೇರ್ಪಡಿಸಿ ತೋರಿಸಬೇಕು. ಹೀಗೆ ಮಾಡಿದಾಗ ಅರ್ಥಗಳ ನಡುವಣ ಕ್ರಮ ತಾನಾಗಿಯೇ ತೆರೆದುಕೊಳ್ಳುತ್ತದೆ.

ಎರಡನೆಯ ಅಂಶ ಇಂದಿನ ಬರವಣಿಗೆಗೆ ಸಂಬಂಧಿಸಿದುದು. ಲೈಂಗಿಕ ಕಿರುಕುಳದ, ಅಧಿಕಾರ ದುರುಪಯೋಗದ ಸುದ್ದಿಗಳಲ್ಲಿ ‘ಚಪಲಕ್ಕೆ ಬಿದ್ದು’, ‘ಚಪಲ ತೀರಿಸಿಕೊಳ್ಳಲು’ ಎಂಬ ನುಡಿಗಟ್ಟುಗಳು ಬಳಕೆಯಾಗುತ್ತವೆ. ಬಾಯಿಚಪಲದ ಸಣ್ಣತನವನ್ನೂ ಅರ್ಧ ನಗುವನ್ನೂ ಪದವು ಅಲ್ಲಿಗೂ ಹೊತ್ತೊಯ್ಯುತ್ತದೆ. ಇನ್ನೊಬ್ಬರ ಮೇಲೆ ಎಸಗಿದ ಅಪರಾಧವು ತನಗೆ ಬಂದ ತುರಿಕೆಯೊಂದನ್ನು ಕೆರೆದುಕೊಂಡಷ್ಟು ಹಗುರವಾಗಿ ಕಾಣುತ್ತದೆ. ಮಾಡಿದವನು ವಾಕ್ಯದಲ್ಲಿ ಕರ್ತೃವಾಗಿ ನಿಂತಿದ್ದರೂ ಕಾರಣದ ಭಾರ ಚಪಲದ ಮೇಲೆ ಬೀಳುತ್ತದೆ. ಇಂತಹ ಸಂದರ್ಭಗಳಲ್ಲಿ ಕೃತ್ಯವನ್ನು ಅದರ ಹೆಸರಿನಿಂದಲೇ ಕರೆಯುವುದು ಭಾಷೆಯ ಪ್ರಾಮಾಣಿಕತೆಗೆ ಸಲ್ಲುವ ಕ್ರಮ.

ಪದವೊಂದು ಅರ್ಥ ಬದಲಿಸುವುದು ದೋಷವಲ್ಲ. ಮಿಂಚಿಗೂ ಪಾದರಸಕ್ಕೂ ಹೆಸರಾಗಿದ್ದ ಪದವನ್ನು ಕನ್ನಡವು ಅಡುಗೆಮನೆಯವರೆಗೆ ಕರೆತಂದು, ಮನುಷ್ಯನ ಸಣ್ಣ ಸೋಲುಗಳಿಗೆ ಅದಕ್ಕಿಂತ ಒಪ್ಪುವ ಹೆಸರಿಲ್ಲವೆನ್ನುವಂತೆ ಮಾಡಿಕೊಂಡಿದೆ. ಸಣ್ಣ ಸೋಲಿನ ಹೆಸರನ್ನು ದೊಡ್ಡ ತಪ್ಪಿಗೆ ಹೊದಿಸದಿರುವುದೂ, ಇಂದಿನ ಅರ್ಥವನ್ನು ಅಂದಿನ ಪಾಠಕ್ಕೆ ಹೇರದಿರುವುದೂ ಪದವನ್ನು ಓದುವವರ ಮತ್ತು ಬಳಸುವವರ ಹೊಣೆ.